ಚಿಪ್ಪಿನ ಬೆಂಕಿ, ಚಿಟಿಕೆ ವಿದ್ಯುತ್ತು

ಸುಗ್ಗಿ ತೀರಿದ ಹೊಲಗಳಲ್ಲಿ ಕುರಿಯ ಮಂದೆ ಹಾಕುವುದು ನಮ್ಮ ಬಯಲುಸೀಮೆಯ ಹಳೆಯ ಪದ್ಧತಿ. ಹೊಲದೊಡೆಯನಿಗೆ ಗೊಬ್ಬರ, ಕುರಿಗಾಹಿಗೆ ಕಾಳೋ ಕಾಸೋ, ಇಬ್ಬರಿಗೂ ಲಾಭ. ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆಯ ಬಯಲಿನಲ್ಲಿ ಇಂತಹ ಒಂದು ಮಂದೆ ಬಿಡಾರ ಹೂಡಿದೆಯೆಂದು ವಾಚಕರು ಊಹಿಸಿಕೊಳ್ಳಲಿ. ಹೊತ್ತು ಮುಳುಗಿದೆ. ಮೂರು ಕಲ್ಲುಗಳ ನಡುವೆ ತೆಂಗಿನ ಚಿಪ್ಪೂ ಒಣಮಟ್ಟೆಯೂ ಉರಿಯುತ್ತಿವೆ. ಮೇಲೆ ಮುದ್ದೆಗೆ ಎಸರು ಕುದಿಯುತ್ತಿದೆ. ಕುರಿಗಾಹಿಯ ಕಂಬಳಿಯ ಮಡಿಕೆಯಲ್ಲಿ ಒಂದು ಮೊಬೈಲ್ ಫೋನು ಉಂಟು. ಆದರೆ ಅದರ ಬ್ಯಾಟರಿ ಬರಿದಾಗಿದೆ. ರಾತ್ರಿ ತೋಳ ಬಂದರೆ, ಈಯುವ ಕುರಿಗೆ ಕಷ್ಟವಾದರೆ, ಊರಿನ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ, ಸುದ್ದಿ ಹೋಗುವ ಬರುವ ದಾರಿ ಮುಚ್ಚಿದಂತೆಯೇ. ಕಣ್ಣೆದುರಿಗೆ ಅಷ್ಟೊಂದು ಬೆಂಕಿ. ಕೈಯಲ್ಲಿ ಹನಿ ವಿದ್ಯುತ್ತಿಲ್ಲದ ಯಂತ್ರ! ಈ ಬೆಂಕಿಯಿಂದ ಆ ಯಂತ್ರವನ್ನು ತುಂಬಲಾಗದೆ?

ಲೆಕ್ಕಕ್ಕೆ ನೋಡಿದರೆ ಇದು ಅತಿ ಸುಲಭವಾಗಿರಬೇಕು. ಒಂದು ಕಿಲೋಗ್ರಾಂ ಒಣ ಚಿಪ್ಪು ಪೂರ್ತಿಯಾಗಿ ಉರಿದರೆ ಹೊರಡುವ ಶಾಖ ಸುಮಾರು ಐದೂವರೆ ಯೂನಿಟ್ ವಿದ್ಯುತ್ತಿಗೆ ಸಮ. ಇಂದಿನ ದೊಡ್ಡ ಮೊಬೈಲಿನ ಬ್ಯಾಟರಿಯಲ್ಲಿ ಹಿಡಿಯುವುದು ಸುಮಾರು 15 ವಾಟ್-ಗಂಟೆ. ಎಂದರೆ ಒಂದು ಯೂನಿಟ್ಟಿನ ಅರುವತ್ತೈದರಲ್ಲಿ ಒಂದು ಪಾಲಿನಷ್ಟು. ಮೂರು ಗ್ರಾಂ ತೂಕದ ಚಿಪ್ಪಿನ ಚೂರಿನಲ್ಲಿ ಅಷ್ಟು ಶಕ್ತಿ ಅಡಗಿದೆ. ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕಾಯಿಯನ್ನಿರಿಸಿ ಉಂಡೆಕೊಬ್ಬರಿ ಮಾಡುವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಚಿಪ್ಪಿಗೆ ಬರಗಾಲವೆಲ್ಲಿ? ಆದರೂ ಕುರಿಗಾಹಿಯ ಫೋನು ತುಂಬುವುದಿಲ್ಲ. ಕಾರಣವೇನೆಂಬುದೇ ಇಲ್ಲಿನ ಸ್ವಾರಸ್ಯ.

ಶಾಖದಿಂದ ನೇರವಾಗಿ ವಿದ್ಯುತ್ತು ಹುಟ್ಟುವುದನ್ನು ಮೊದಲು ಕಂಡವರಲ್ಲಿ ಮುಖ್ಯನಾದವನು ಥಾಮಸ್ ಯೋಹಾನ್ ಸೀಬೆಕ್. 1821ರಲ್ಲಿ ಬರ್ಲಿನ್ನಿನಲ್ಲಿ ಅವನು ಎರಡು ಬೇರೆ ಬೇರೆ ಲೋಹಗಳ ತುದಿಗಳನ್ನು ಬೆಸೆದು ಒಂದು ಬಳೆಯಂತೆ ಮಾಡಿ, ಒಂದು ಬೆಸುಗೆಯನ್ನು ಮಾತ್ರ ಕಾಯಿಸಿದನು. ಹತ್ತಿರವಿದ್ದ ದಿಕ್ಸೂಚಿಯ ಮುಳ್ಳು ಅಲುಗಿತು. ಶಾಖದಿಂದ ಅಯಸ್ಕಾಂತ ಗುಣ ಹುಟ್ಟಿತೆಂದೇ ಅವನು ಬಗೆದನು. ಬಳೆಯಲ್ಲಿ ಹರಿದದ್ದು ವಿದ್ಯುತ್ತೆಂದು ತಿಳಿದು ಅದಕ್ಕೆ ತಕ್ಕ ಹೆಸರಿಟ್ಟವನು ಡೆನ್ಮಾರ್ಕಿನ ಅರ್ಸ್ಟೆಡ್. ಕಂಡವನೊಬ್ಬ, ಅರಿತವನೊಬ್ಬ; ವಿಜ್ಞಾನದಲ್ಲಿ ಹೀಗಾಗುವುದುಂಟು.

ಈಗ ಲೋಹದ ತಂತಿಗಳ ಬದಲು ಬಿಸ್ಮತ್ ಟೆಲ್ಯುರೈಡ್ ಎಂಬ ಅರೆವಾಹಕದ ಸಣ್ಣ ಸಣ್ಣ ಕಾಲುಗಳನ್ನು ಎರಡು ಪಿಂಗಾಣಿ ಬಿಲ್ಲೆಗಳ ನಡುವೆ ಸಾಲಾಗಿ ನಿಲ್ಲಿಸುತ್ತಾರೆ. ನಾಲ್ಕು ಸೆಂಟಿಮೀಟರ್ ಚೌಕದ ಒಂದು ತಟ್ಟೆಯಲ್ಲಿ ಇಂತಹ 127 ಜೋಡಿಗಳಿರುವುದು ಸಾಮಾನ್ಯ. ತಟ್ಟೆಯ ಒಂದು ಮಗ್ಗುಲು ಕಾದು, ಇನ್ನೊಂದು ತಣ್ಣಗಿದ್ದರೆ, ಒಳಗಿನ ವಿದ್ಯುತ್ಕಣಗಳು ಬಿಸಿಯ ಕಡೆಯಿಂದ ತಂಪಿನ ಕಡೆಗೆ ಸರಿಯುತ್ತವೆ. ಆ ಸರಿದಾಟವೇ ವಿದ್ಯುತ್ತು. ತಿರುಗುವ ಚಕ್ರವಿಲ್ಲ, ಸವೆಯುವ ಕೀಲಿಲ್ಲ, ಸದ್ದಿಲ್ಲ.

‘ಬಿಸಿಯಿಂದ ತಂಪಿನ ಕಡೆಗೆ’ ಎಂಬ ಮಾತಿನಲ್ಲಿ ಎಲ್ಲ ಗುಟ್ಟೂ ಇದೆ. ಶಾಖವು ತಾನಾಗಿಯೇ ವಿದ್ಯುತ್ತನ್ನು ಕೊಡುವುದಿಲ್ಲ. ಶಾಖದ ಇಳಿತವು ಕೊಡುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದುದು ಕಾವೇರಿಯಲ್ಲಿ ನೀರಿದ್ದುದರಿಂದ ಮಾತ್ರವಲ್ಲ, ಆ ನೀರು ಅಲ್ಲಿ ಎತ್ತರದಿಂದ ಧುಮುಕುತ್ತಿದ್ದುದರಿಂದ. ಕೆರೆ ಎಷ್ಟೇ ತುಂಬಿರಲಿ, ನೀರು ಇಳಿಯಲು ತಗ್ಗಿಲ್ಲದಿದ್ದರೆ ಚಕ್ರ ತಿರುಗದು. ಫ್ರಾನ್ಸಿನ ಸಾದಿ ಕಾರ್ನೋ 1824ರಲ್ಲಿಯೇ ಶಾಖವನ್ನು ಹೀಗೆ ಜಲಪಾತಕ್ಕೆ ಹೋಲಿಸಿದ್ದನು. ಬೆಂಕಿಯ ಬಳಿ ಬಿಸಿಗೆ ಕೊರತೆಯಿಲ್ಲ; ಕೊರತೆಯಿರುವುದು ತಂಪಿಗೆ. ತಟ್ಟೆಯನ್ನು ಬರಿಯ ಕೆಂಡದ ಬದಿಗಿಟ್ಟರೆ ಸ್ವಲ್ಪ ಹೊತ್ತಿಗೆ ಅದರ ಎರಡು ಮಗ್ಗುಲುಗಳೂ ಕಾಯುತ್ತವೆ, ವಿದ್ಯುತ್ತು ನಿಂತುಹೋಗುತ್ತದೆ.

ಈ ತಂಪನ್ನು ಒದಗಿಸುವ ಉಪಾಯಗಳು ಹಲವು. 1950ರ ದಶಕದಲ್ಲಿ ಸೋವಿಯತ್ ದೇಶದಲ್ಲಿ ಸೀಮೆಎಣ್ಣೆಯ ದೀಪದ ಗಾಜಿನ ಮೇಲೆ ಇಂತಹ ಜೋಡಿಗಳನ್ನು ಕೂರಿಸಿ, ಸುತ್ತ ಲೋಹದ ರೆಕ್ಕೆಗಳನ್ನು ಹರಡಿ, ಗಾಳಿಯಿಂದ ತಣಿಸುವ ಸಲಕರಣೆ ತಯಾರಾಯಿತು. ವಿದ್ಯುತ್ತಿಲ್ಲದ ಹಳ್ಳಿಗಳಲ್ಲಿ ಒಂದೇ ದೀಪ ಬೆಳಕನ್ನೂ ಕೊಟ್ಟು ರೇಡಿಯೋವನ್ನೂ ಹಾಡಿಸುತ್ತಿತ್ತು. 1977ರಲ್ಲಿ ಹಾರಿದ ಎರಡು ವಾಯೇಜರ್ ನೌಕೆಗಳು ಪ್ಲುಟೋನಿಯಮ್ಮಿನ ಬಿಸಿಯನ್ನು ಒಂದು ಕಡೆಗೂ ಆಕಾಶದ ಮಹಾಶೈತ್ಯವನ್ನು ಇನ್ನೊಂದು ಕಡೆಗೂ ಇಟ್ಟುಕೊಂಡು, ಇದೇ ತತ್ತ್ವದ ಬಲದಿಂದ ಸೂರ್ಯಮಂಡಲದ ಗ್ರಹಗಳನ್ನು ದಾಟಿ ಹೋದವು. ಬಿಡಾರ ಹೂಡುವ ಪ್ರವಾಸಿಗಳಿಗಾಗಿ ಈಗ ಮಾರಾಟವಾಗುವ ಸಣ್ಣ ಒಲೆಗಳಲ್ಲಿಯೂ ಇರುವುದು ಅದೇ ಬಗೆಯ ತಟ್ಟೆ.

ಎಲ್ಲಕ್ಕಿಂತ ಅಗ್ಗದ ತಂಪೆಂದರೆ ನೀರು. ತಟ್ಟೆಯನ್ನು ಪಾತ್ರೆಯ ತಳಕ್ಕೆ ಬಿಗಿದು ಬೆಂಕಿಯ ಮೇಲಿಟ್ಟರೆ, ಒಳಗೆ ನೀರಿರುವ ತನಕ ಮೇಲಿನ ಮಗ್ಗುಲು ನೂರು ಡಿಗ್ರಿಯ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ನೀರು ಬತ್ತಿದ ಕ್ಷಣದಿಂದ ತಟ್ಟೆಗೆ ಕೇಡು ತಪ್ಪಿದ್ದಲ್ಲ.

ಇಷ್ಟು ಮಾಡಿದರೆ ದೊರೆಯುವುದೆಷ್ಟು? ತಟ್ಟೆಯ ಮೂಲಕ ಹಾದುಹೋಗುವ ಶಾಖದಲ್ಲಿ ವಿದ್ಯುತ್ತಾಗುವುದು ನೂರಕ್ಕೆ ಐದರ ಒಳಗೆ. ಸಣ್ಣ ಒಲೆಯೊಂದು ಕೊಡುವುದು ಎರಡು ಮೂರು ವಾಟ್. ಎರಡು ವಾಟಿನಂತೆ ದೊಡ್ಡ ಮೊಬೈಲು ತುಂಬಬೇಕಾದರೆ, ನಡುವೆ ಸೋರಿಹೋಗುವುದನ್ನೂ ಸೇರಿಸಿ, ಒಂಬತ್ತು ಹತ್ತು ಗಂಟೆಗಳ ಕಾಲ ಬೆಂಕಿ ಉರಿಯಬೇಕು. ಅಷ್ಟು ಹೊತ್ತು ಸೌದೆ ಒಟ್ಟುವವನನ್ನು ಜಾಣನೆಂದು ಯಾರೂ ಕರೆಯರು. ಆದರೆ ಅದೇ ಎರಡು ವಾಟನ್ನು ಕುರಿಗಾಹಿಯ ದೃಷ್ಟಿಯಿಂದ ನೋಡಬೇಕು. ಗುಂಡಿಗಳುಳ್ಳ ಸಾಧಾರಣ ಫೋನುಗಳಲ್ಲಿ ಅನೇಕದರ ಬ್ಯಾಟರಿ ನಾಲ್ಕು ವಾಟ್-ಗಂಟೆಯ ಆಸುಪಾಸಿನದು. ಎರಡು ಮೂರು ಹೊತ್ತಿನ ಅಡುಗೆಯ ಬೆಂಕಿಯಲ್ಲಿ ಅದು ತುಂಬುತ್ತದೆ. ಅರ್ಧ ವಾಟಿನ ಎಲ್‌ಇಡಿ ದೀಪವಾದರೆ, ಒಂದು ಗಂಟೆಯ ಬೆಂಕಿಯಿಂದ ಮೂರು ಗಂಟೆ ಬೆಳಕು. ತೋಳವನ್ನು ಬೆದರಿಸಲು, ಈಯುವ ಕುರಿಯನ್ನು ನೋಡಿಕೊಳ್ಳಲು, ಒಂದು ಮಾತನ್ನು ಮನೆಗೆ ಮುಟ್ಟಿಸಲು ಅಷ್ಟು ಸಾಕು.

ಹಗಲು ಬಿಸಿಲಿರುವಾಗ ಸೌರಫಲಕವೇ ಮೇಲು ಎಂಬುದರಲ್ಲಿ ಸಂದೇಹವಿಲ್ಲ. ಹತ್ತು ವಾಟಿನ ಫಲಕವೊಂದು ಒಳ್ಳೆಯ ಬಿಸಿಲಿನ ದಿನ ಕೊಡುವ ವಿದ್ಯುತ್ತನ್ನು ಈ ತಟ್ಟೆ ಇಪ್ಪತ್ತು ಗಂಟೆಗಳಲ್ಲಿಯೂ ಕೊಡಲಾರದು. ಮೋಡ ಮುಚ್ಚಿದ ದಿನ, ಕತ್ತಲೆಯ ಹೊತ್ತು, ಮಳೆಗಾಳಿಗೆ ಕಂಬ ಉರುಳಿ ಊರೇ ಕತ್ತಲಾದ ರಾತ್ರಿ, ಇವು ತಟ್ಟೆಯ ಸಮಯ. ಅದು ಫಲಕದ ಎದುರಾಳಿಯಲ್ಲ, ಅದರ ತಮ್ಮ.

ಕೊಳ್ಳುವವರು ಎರಡು ಎಚ್ಚರಿಕೆಗಳನ್ನು ಮನಸ್ಸಿನಲ್ಲಿಡಬೇಕು. ಅಂಗಡಿಗಳಲ್ಲಿ ಅಗ್ಗವಾಗಿ ಸಿಕ್ಕುವ ತಟ್ಟೆಗಳು ಬಹುಮಟ್ಟಿಗೆ ತಂಪು ಮಾಡುವ ಕೆಲಸಕ್ಕೆಂದು ಮಾಡಿದವು. ಅಂತಹವುಗಳಲ್ಲಿ ಅನೇಕದರ ಬೆಸುಗೆ ಸುಮಾರು 138 ಡಿಗ್ರಿಗೇ ಕರಗುತ್ತದೆ. ಚಿಪ್ಪಿನ ಕೆಂಡದ ಮುಂದೆ ಅವು ನಿಲ್ಲುವುದಿಲ್ಲ. ಬೆಂಕಿಗೆಂದೇ ಮಾಡಿದ ತಟ್ಟೆಯನ್ನೇ ಕೇಳಿ ಪಡೆಯಬೇಕು. ಜೊತೆಗೆ ವಿದ್ಯುತ್ತಿನ ಒತ್ತಡವನ್ನು ಐದು ವೋಲ್ಟಿಗೆ ಸರಿಪಡಿಸುವ ಸಣ್ಣ ಸಲಕರಣೆಯೂ ಬೇಕು. ಎರಡನೆಯದು, ಫೋನನ್ನು ಬೆಂಕಿಯಿಂದ ದೂರವಿಡಬೇಕು. ಅದರೊಳಗಿನ ಲಿಥಿಯಂ ಕೋಶವು ಸುಮಾರು 45 ಡಿಗ್ರಿಗಿಂತ ಹೆಚ್ಚು ಕಾದಿರುವಾಗ ಅದಕ್ಕೆ ವಿದ್ಯುತ್ತು ತುಂಬುವುದು ಅಪಾಯ. ತಂತಿ ಉದ್ದವಾಗಿರಲಿ, ಫೋನು ನೆಳಲಲ್ಲಿರಲಿ.

ಬಯಲಿನ ಬಿಡಾರಕ್ಕೆ ಸಲ್ಲುವ ಈ ವಿಚಾರ ಊರೊಳಗಿನ ಮನೆಗೂ ಸಲ್ಲುತ್ತದೆ. ಅಡುಗೆಯ ಮನೆಗೆ ಗ್ಯಾಸು ಬಂದಿದ್ದರೂ ತೆಂಗಿನ ಸೀಮೆಯ ಅನೇಕ ಮನೆಗಳ ಬಚ್ಚಲ ಒಲೆಯಲ್ಲಿ ಮಟ್ಟೆಯೂ ಸೋಗೆಯೂ ಉರಿಯುತ್ತವೆ. ಕೆಳಗೆ ಉರಿ, ಮೇಲೆ ಹಂಡೆಯ ತುಂಬ ತಣ್ಣೀರು. ತಟ್ಟೆ ಬಯಸುವ ಇಳಿತ ಅಲ್ಲಿ ಸಿದ್ಧವಾಗಿಯೇ ಇದೆ. ನೂರಕ್ಕೆ ಐದು ಪಾಲು ವಿದ್ಯುತ್ತಾದರೆ ಉಳಿದ ತೊಂಬತ್ತೈದು ಪಾಲು ವ್ಯರ್ಥವಾಯಿತೆ? ಇಲ್ಲ, ಅದು ಹಂಡೆಯ ನೀರಿಗೆ ಸೇರಿ ಮನೆಮಂದಿಯ ಸ್ನಾನಕ್ಕಾಯಿತು. ವಿದ್ಯುತ್ತಿಗಾಗಿ ಬೆಂಕಿ ಹೊತ್ತಿಸುವುದು ನಷ್ಟ; ಹೇಗೂ ಹೊತ್ತಿರುವ ಬೆಂಕಿಯಿಂದ ವಿದ್ಯುತ್ತನ್ನು ಪಡೆಯುವುದು ಲಾಭ. ಈ ತಟ್ಟೆಯ ಅರ್ಥಶಾಸ್ತ್ರವೆಲ್ಲ ಇಷ್ಟೆ.

ಇನ್ನೊಂದು ಮಾತು ಉಳಿದಿದೆ; ಬಹುಶಃ ಅದೇ ದೊಡ್ಡದು. ಪ್ರವಾಸಿಗಳ ಒಲೆಗಳಲ್ಲಿ ಹುಟ್ಟುವ ವಿದ್ಯುತ್ತಿನ ಒಂದು ಪಾಲು ಫೋನಿಗೆ ಹೋಗುವುದಿಲ್ಲ. ಒಲೆಯೊಳಗಿನ ಸಣ್ಣ ಬೀಸಣಿಗೆಯನ್ನು ತಿರುಗಿಸುತ್ತದೆ. ಬೀಸಣಿಗೆ ಗಾಳಿಯನ್ನು ಬೆಂಕಿಗೆ ಒತ್ತುತ್ತದೆ. ಬೆಂಕಿ ಚೆನ್ನಾಗಿ ಉರಿದು ಹೊಗೆ ಕಡಮೆಯಾಗುತ್ತದೆ. ಊದುಕೊಳವೆ ಹಿಡಿದು ಕಣ್ಣೀರು ಸುರಿಸುತ್ತ ಒಲೆಯ ಮುಂದೆ ಕುಳಿತ ತಾಯಂದಿರನ್ನು ಬಲ್ಲವರಿಗೆ ಇದರ ಬೆಲೆಯನ್ನು ಹೇಳಬೇಕಾಗಿಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಲೋಕದಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ರೂಪಿಸಿದ ಒಲೆಯೂ ಈ ಹೊಗೆಯ ಮೇಲೆಯೇ ಯುದ್ಧ ಹೂಡಿತ್ತು. ಬೆಂಕಿಯನ್ನು ಮುಚ್ಚಿ, ಹೊಗೆಯನ್ನು ಕೊಳವೆಯ ಮೂಲಕ ಮಾಡಿನಾಚೆಗೆ ಕಳುಹಿಸಿ, ಸೌದೆಯನ್ನೂ ಉಳಿಸಿತ್ತು. ಬೀಸಣಿಗೆಯ ಒಲೆ ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ.

ಕಂದಿಕೆರೆಯ ಬಯಲಿನಲ್ಲಿ ಎಸರು ಕುದಿದು ಮುದ್ದೆಯಾಗುವ ಹೊತ್ತಿಗೆ ಫೋನಿನಲ್ಲಿ ಸೇರುವುದು ಚಿಟಿಕೆಯಷ್ಟು ವಿದ್ಯುತ್ತು. ನಗರದವನಿಗೆ ಅದು ಲೆಕ್ಕಕ್ಕೆ ಬಾರದ್ದು. ಮಂದೆಯ ಬಳಿ ಒಂಟಿಯಾಗಿ ಎಚ್ಚರವಿರುವವನಿಗೆ ಅದು ಮನೆಯವರೊಡನೆ ಆಡುವ ನಾಲ್ಕು ಮಾತು. ಚಿಪ್ಪು ಹೇಗೂ ಉರಿಯುತ್ತದೆ; ಆ ನಾಲ್ಕು ಮಾತೂ ಅದರೊಡನೆ ಬೂದಿಯಾಗಬೇಕಾಗಿಲ್ಲ.