ಬಿಲ್ ಇಳಿಸಲು ಬೇಳೆಗೆ ಕತ್ತರಿ ಹಾಕಬೇಡಿ



ತೊಗರಿಬೇಳೆ, ಎಣ್ಣೆಯ ಬೆಲೆ ಏರಿದಾಗ ನಮ್ಮ ಅಡುಗೆಮನೆಗಳಲ್ಲಿ ಏನಾಗುತ್ತದೆ, ಗಮನಿಸಿದ್ದೀರಾ? ಸಾರು ತೆಳ್ಳಗಾಗುತ್ತದೆ. ವಾರಕ್ಕೆ ನಾಲ್ಕು ಸಲ ಬರುತ್ತಿದ್ದ ಸೊಪ್ಪು ಎರಡು ಸಲಕ್ಕೆ ಇಳಿಯುತ್ತದೆ. ಬಿಸ್ಕತ್ತು, ನೂಡಲ್ಸ್, ಮಕ್ಕಳ ಹಾಲಿಗೆ ಬೆರೆಸುವ ಪುಡಿ ಮಾತ್ರ ಪಟ್ಟಿಯಲ್ಲಿ ಹಾಗೇ ಉಳಿಯುತ್ತವೆ.

ನಮ್ಮಲ್ಲೂ ಹೀಗೇ ಆಗಿತ್ತು. ಮುಂಬೈಗೆ ಬಂದ ಹೊಸದರಲ್ಲಿ, ಬಾಡಿಗೆ ಕಟ್ಟಿ ಉಳಿದದ್ದರಲ್ಲಿ ತಿಂಗಳು ದೂಡುವಾಗ, ನಮ್ಮ ಮನೆಯವರು ತಳದ ಬೇಳೆಯನ್ನೆಲ್ಲ ನಮಗೆ ಬಡಿಸಿ ತಾವು ಬರೀ ತಿಳಿಯಲ್ಲಿ ಅನ್ನ ಕಲಸಿಕೊಳ್ಳುತ್ತಿದ್ದರು. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8 ಎಂದು ಬಂದ ಮೇಲೆಯೇ ನನ್ನ ಕಣ್ಣಿಗೆ ಅದು ಬಿದ್ದದ್ದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ನೂರು ಮಹಿಳೆಯರಲ್ಲಿ 57 ಮಂದಿಗೆ ರಕ್ತಹೀನತೆ ಇದೆ. ಕಾರಣಗಳು ಹಲವು ಇರಬಹುದು. ಆದರೆ ಉಳಿತಾಯದ ಹೆಸರಿನಲ್ಲಿ ಮೊದಲು ಬರಿದಾಗುವುದು ಕೊನೆಗೆ ಊಟಕ್ಕೆ ಕೂರುವವರ ತಟ್ಟೆ ಎಂಬುದು ನಾನು ಕಂಡ ಸತ್ಯ.

ಆದ್ದರಿಂದ ಕತ್ತರಿ ಪ್ಯಾಕೆಟ್‌ಗಳಿಗೆ ಬೀಳಲಿ. ದಿನಕ್ಕೆ 20 ರೂಪಾಯಿಯ ಪ್ಯಾಕೆಟ್ ತಿಂಡಿ ಎಂದರೆ ತಿಂಗಳಿಗೆ 600. ಹಾಲಿನ ಪುಡಿಗಳ ವಿಷಯಕ್ಕೆ ಬಂದರೆ, ಡಬ್ಬಿಯ ಹಿಂದೆ ಸಕ್ಕರೆ ಎಷ್ಟಿದೆ ಓದಿ ನೋಡಿ. ಇಂಥ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ವಿಭಾಗದಿಂದ ತೆಗೆಯುವಂತೆ 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಆನ್‌ಲೈನ್ ಅಂಗಡಿಗಳಿಗೆ ಹೇಳಿತ್ತು.

ತೊಗರಿ ದುಬಾರಿಯಾದಾಗ ನಮ್ಮ ಕೈಹಿಡಿದದ್ದು ಹುರಳಿ. ಊರಲ್ಲಿ ದನಕ್ಕೆ ಬೇಯಿಸಿ ಹಾಕುವ ಕಾಳು ಎಂದು ಮೂಗು ಮುರಿಯುವವರಿದ್ದಾರೆ. ಹೈದರಾಬಾದಿನ ಹೋಟೆಲುಗಳಲ್ಲಿ ಉಲವಚಾರು ಎಂದು ಹಣ ತೆತ್ತು ಸವಿಯುವುದು ಇದೇ ಹುರಳಿಕಟ್ಟನ್ನು! 100 ಗ್ರಾಂ ಹುರಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಹೆಚ್ಚುಕಡಿಮೆ ತೊಗರಿಬೇಳೆಯಷ್ಟೇ. ರಾತ್ರಿ ನೆನೆಹಾಕಿದರೆ ಗ್ಯಾಸೂ ಉಳಿಯುತ್ತದೆ. ಬೆಂದ ಕಟ್ಟು ಸಾರಿಗೆ, ಕಾಳು ಪಲ್ಯಕ್ಕೆ. ಒಂದೇ ಕುಕ್ಕರಿನಲ್ಲಿ ಎರಡು ಅಡುಗೆ. ಮುಂಬೈ, ಪುಣೆಯಲ್ಲಿ ‘ಕುಳೀಥ್’, ಚೆನ್ನೈಯಲ್ಲಿ ‘ಕೊಳ್ಳು’, ಹೈದರಾಬಾದಿನಲ್ಲಿ ‘ಉಲವಲು’, ದೆಹಲಿಯಲ್ಲಿ ‘ಕುಲ್ಥಿ’ ಎಂದು ಕೇಳಿ. ತೊಗರಿ ಪೂರ್ತಿ ಬಿಡಬೇಕೆಂದಿಲ್ಲ, ವಾರದಲ್ಲಿ ಮೂರು ದಿನ ಹುರಳಿ, ಹೆಸರು, ಅಲಸಂದೆ ಮಾಡಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ರಾಗಿಯೂ ಅಷ್ಟೇ. ಮಾಲ್‌ನ ‘ಮಲ್ಟಿಗ್ರೇನ್’ ಪ್ಯಾಕೆಟ್ ಬಿಟ್ಟು ಕಿರಾಣಿ ಅಂಗಡಿಯಲ್ಲಿ ಕಾಳು ಕೊಂಡು ಗಿರಣಿಗೆ ಹಾಕಿಸಿ. ಮುಂಬೈಯವರು ‘ನಾಚಣಿ’ ಎಂದರೆ ಸಿಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ.

ಎಣ್ಣೆಯನ್ನು ಮಾತ್ರ ಧಾರಾಳವಾಗಿ ಕಡಿಮೆ ಮಾಡಿ. ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಸಾಕು. ಕ್ಯಾನಿನಿಂದ ನೇರ ಬಾಣಲೆಗೆ ಸುರಿಯದೆ ಚಮಚದಲ್ಲಿ ಅಳೆದು ಹಾಕಿದರೆ ಎಷ್ಟು ಖರ್ಚಾಗುತ್ತಿತ್ತೆಂದು ನಿಮಗೇ ಆಶ್ಚರ್ಯವಾಗುತ್ತದೆ.

ಹುರಳಿ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ, ಕಾಳಿನ ಕಬ್ಬಿಣಾಂಶ ಮೈಗೆ ಹತ್ತುತ್ತದೆ. ಊಟವಾದ ಕೂಡಲೇ ಚಹಾ ಬೇಡ, ಒಂದು ಗಂಟೆ ಹೋಗಲಿ. ಮೂತ್ರಪಿಂಡದ ತೊಂದರೆ ಇರುವವರು ಕಾಳು ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಿ. ಹಿಮೋಗ್ಲೋಬಿನ್ ಕಡಿಮೆ ಇದ್ದವರು ಕಾಳನ್ನಷ್ಟೇ ನಂಬಿ ಕೂರದೆ ಮಾತ್ರೆಯನ್ನೂ ತಪ್ಪದೆ ತೆಗೆದುಕೊಳ್ಳಿ. ನಮ್ಮ ಮನೆಯವರು ಎರಡನ್ನೂ ಮಾಡಿದರು. ಈಗ ಬಡಿಸುವಾಗ ಅವರ ತಟ್ಟೆಗೂ ತಳದ ಸೌಟು ಬೀಳುವಂತೆ ನಾನೇ ನೋಡಿಕೊಳ್ಳುತ್ತೇನೆ.