ಎರಡು ದಿನದ ರಜೆ, ಒಂದೇ ಕೆರೆ

ಸಂಕ್ರಾಂತಿ ಸಮೀಪಿಸಿತೆಂದರೆ ನಮ್ಮ ಮನೆಯಲ್ಲಿ ಎರಡು ಪಟ್ಟಿಗಳು ಸಿದ್ಧವಾಗುತ್ತವೆ. ಮೊದಲನೆಯದು ಮನೆಯಾಕೆಯದು: ತವರಿಗೆ ಒಯ್ಯಬೇಕಾದ ಸಕ್ಕರೆ ಅಚ್ಚು, ಅತ್ತಿಗೆಗೆ ಸೀರೆ, ಅಪ್ಪನ ಮಂಡಿನೋವಿನ ಎಣ್ಣೆ. ಎರಡನೆಯದು ನನ್ನದು: ದುರ್ಬೀನು, ಟಿಪ್ಪಣಿಯ ಪುಸ್ತಕ, ಕಾಣಲೇಬೇಕಾದ ಹಕ್ಕಿಗಳ ಹೆಸರು. ಈ ಎರಡು ಪಟ್ಟಿಗಳನ್ನು ಬೇರೆಬೇರೆಯಾಗಿಯೇ ಇರಿಸಿಕೊಂಡು ನಾನು ಒಮ್ಮೆ ಮಾಡಿದ ತಪ್ಪನ್ನೂ, ಅದನ್ನು ತಿದ್ದಿಕೊಂಡ ಬಗೆಯನ್ನೂ ಈ ವಾರ ವಾಚಕರ ಮುಂದಿಡುತ್ತೇನೆ. ರಜೆ ಕಿರಿದು, ಆಸೆ ಹಿರಿದು ಎಂಬ ಕಷ್ಟ ನನ್ನೊಬ್ಬನದೇ ಅಲ್ಲವಷ್ಟೆ!

ಮಾವನವರ ಊರು ತಿಪಟೂರಿಗೂ ತುರುವೇಕೆರೆಗೂ ನಡುವಣ ಒಂದು ಹಳ್ಳಿ. ಬೆಂಗಳೂರಿನಿಂದ ತಿಪಟೂರು ಸುಮಾರು 140 ಕಿಲೋಮೀಟರು. ರೈಲು ಗುಬ್ಬಿಯನ್ನು ದಾಟಿ ಮುಂದೆ ಸಾಗಿದಂತೆ ಕಿಟಕಿಯ ಎರಡು ಕಡೆಯೂ ತೆಂಗು ತುಂಬಿಕೊಳ್ಳುತ್ತದೆ. ನಾವು ಎಳ್ಳುಬೆಲ್ಲಕ್ಕೆ ಹೆಚ್ಚಿ ಹಾಕುವ ಕೊಬ್ಬರಿಯ ಸೀಮೆ ಇದು. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ ಎಂಟು, ಹತ್ತು ತಿಂಗಳು ಮುಟ್ಟದೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಗಡಗಡ ಎನ್ನುವ ಉಂಡೆಯಾಗಬೇಕು. ತಾಳ್ಮೆಯೇ ಕಸುಬಾಗಿರುವ ಇಂತಹ ಸೀಮೆಗೆ ನಾನು ಎರಡು ದಿನದ ಆತುರವನ್ನು ಹೊತ್ತುಕೊಂಡು ಹೋದೆ.

ಚಳಿಗಾಲದ ಹಕ್ಕಿಗಳಿಗೆ ಈ ಮೂರು ತಾಲ್ಲೂಕುಗಳು ಒಳ್ಳೆಯ ಬಿಡಾರ. ಊರಿಗೊಂದು ಕೆರೆ, ಕೆರೆಯ ಕೆಳಗೆ ಗದ್ದೆ, ಗದ್ದೆಯ ಸುತ್ತ ತೋಟ, ತೋಟದಾಚೆ ಒಣ ಬಯಲು. ಅಕ್ಟೋಬರು, ನವೆಂಬರಿನಲ್ಲಿ ಉತ್ತರದ ಶೀತದೇಶಗಳಿಂದ ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತು, ಚಲುಕ ಬಾತುಗಳು ಇಂತಹ ಕೆರೆಗಳಿಗೆ ಇಳಿಯುತ್ತವೆ. ಮಾರ್ಚಿ, ಏಪ್ರಿಲಿನ ಹೊತ್ತಿಗೆ ಹಿಂದಿರುಗುತ್ತವೆ. ಇವುಗಳ ಬಂಧುವಾದ ಪಟ್ಟೆತಲೆಯ ಹೆಬ್ಬಾತಂತೂ ಹಿಮಾಲಯವನ್ನೇ ದಾಟಿ ಬರುವ ಹಕ್ಕಿ. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ತೊಡಿಸಿಕೊಂಡವು ನಮ್ಮ ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ.

ಇಷ್ಟನ್ನೆಲ್ಲ ಪುಸ್ತಕದಲ್ಲಿ ಓದಿ ತಲೆ ತುಂಬಿಕೊಂಡಿದ್ದ ನಾನು, ಆ ವರ್ಷ ಹಬ್ಬದ ಹಿಂದಿನ ದಿನ ಬೆಳಕು ಹರಿಯುವ ಮುನ್ನವೇ ಬಾಡಿಗೆಯ ಕಾರಿನಲ್ಲಿ ಹೊರಟೆ. ಬೆಳಗ್ಗೆ ತುರುವೇಕೆರೆಯ ಬಳಿಯ ಮಲ್ಲಾಘಟ್ಟದ ಕೆರೆ. ಮಧ್ಯಾಹ್ನ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೋರನಕಣಿವೆ ಜಲಾಶಯ. ಅಲ್ಲಿಂದ ಶಿರಾ ತಾಲ್ಲೂಕಿನ ಕಗ್ಗಲಡು. ಊರೊಳಗಿನ ಹುಣಿಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಗೂಡು ಕಟ್ಟುವ ಹಳ್ಳಿ ಅದು. ಮಲ್ಲಾಘಟ್ಟದಲ್ಲಿ ಮಂಜು ಹರಿಯುವವರೆಗೆ ಕಾಯುವ ವ್ಯವಧಾನ ನನಗಿರಲಿಲ್ಲ. ಬೋರನಕಣಿವೆಯಲ್ಲಿ ಸೂರ್ಯ ನೆತ್ತಿಗೇರಿ, ದೂರದ ಬಾತುಗಳೆಲ್ಲ ಬಿಸಿಲ ಝಳದಲ್ಲಿ ಕರಿಯ ಚುಕ್ಕೆಗಳಾಗಿದ್ದುವು. ಕಗ್ಗಲಡನ್ನು ತಲಪಿದಾಗ ಕತ್ತಲು. ಹುಣಿಸೆಮರಗಳು ಕಂಡುವೇ ಹೊರತು ಕೊಕ್ಕರೆಗಳಲ್ಲ.

ಮನೆ ಸೇರಿದಾಗ ರಾತ್ರಿ ಹತ್ತು ದಾಟಿತ್ತು. ಮಾವನವರು ಊಟ ಮಾಡದೆ ಜಗಲಿಯ ಮೇಲೆ ಕುಳಿತಿದ್ದರು. ವರ್ಷಕ್ಕೊಮ್ಮೆ ಬರುವ ಅಳಿಯನೊಡನೆ ಉಣ್ಣಬೇಕೆಂಬ ಆಸೆ ಅವರದು. ಅವರು ಬೈಯಲಿಲ್ಲ, ಮುಖ ಗಂಟಿಕ್ಕಲಿಲ್ಲ. ಕೈಗೆ ನೀರು ಕೊಡುತ್ತ, "ಹಕ್ಕಿಗಳೆಲ್ಲ ಕ್ಷೇಮವೆ?" ಎಂದು ಕೇಳಿದರು, ಅಷ್ಟೆ. ಮರುದಿನ ಹಬ್ಬದೂಟ ಮುಗಿಸಿ ಸಂಜೆಯ ರೈಲು ಹತ್ತಿದೆವು. ತುಮಕೂರಿನವರೆಗೂ ನನ್ನಾಕೆ ಮಾತನಾಡಲಿಲ್ಲ. ನನಗೂ ಆ ಒಂದು ಪ್ರಶ್ನೆ ಕಿವಿಯಿಂದ ಹೋಗಲಿಲ್ಲ.

ಮರುವರ್ಷ ಪಟ್ಟಿಯನ್ನು ಹರಿದು ಹಾಕಿದೆ. ಒಂದೇ ಕೆರೆ, ಅದೂ ಊರ ಕೆರೆ; ಒಬ್ಬನೇ ಹೋಗತಕ್ಕದ್ದಲ್ಲ ಎಂದು ನಿಶ್ಚಯಿಸಿದೆ. ಧನುರ್ಮಾಸದ ಕಡೆಯ ದಿನಗಳು; ಅರುಣೋದಯಕ್ಕೆ ಮುಂಚೆಯೇ ಮನೆಯೆಲ್ಲ ಎದ್ದು ಪೂಜೆ ನಡೆದು, ಬಿಸಿ ಹುಗ್ಗಿಯ ಪ್ರಸಾದ ಕೈಗೆ ಬಂದಿರುತ್ತದೆ. ಆಮೇಲೆ ಅಡಿಗೆಮನೆಯಲ್ಲಿ ಅವರೆಕಾಳು ಬೇಯುವವರೆಗೆ ಎರಡು ಗಂಟೆಯ ಹೊತ್ತು ಯಾರಿಗೂ ಬೇಡದ ಹೊತ್ತು. ಹಕ್ಕಿ ನೋಡಲು ಅದಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ! ಮಾವನವರನ್ನು ಕರೆದೆ. "ನನಗೇನು ತಿಳಿಯುತ್ತದಪ್ಪ, ಎಲ್ಲವೂ ಬಾತೇ" ಎನ್ನುತ್ತಲೇ ಶಾಲು ಹೊದ್ದು ಕೋಲು ಹಿಡಿದರು. ಮಗಳು ಅವರ ಇನ್ನೊಂದು ಕೈ ಹಿಡಿದಳು.

ಏರಿಯ ಮೇಲೆ ಒಂದು ಕಲ್ಲು ನೋಡಿ ಅವರನ್ನು ಕೂರಿಸಿದೆ. ಸೂರ್ಯ ನಮ್ಮ ಬೆನ್ನ ಹಿಂದೆ. ನೀರಿನ ಮೇಲೆ ಬಿದ್ದ ಎಳೆಬಿಸಿಲಿನಲ್ಲಿ ಒಂದೊಂದು ಬಣ್ಣವೂ ಸ್ಪಷ್ಟ. ರಾತ್ರಿ ಮೇದು ಬಂದ ಸೂಜಿಬಾಲದ ಬಾತುಗಳು ನಡುನೀರಿನಲ್ಲಿ ಕೊಕ್ಕನ್ನು ಬೆನ್ನಿಗೆ ಸಿಕ್ಕಿಸಿ ವಿಶ್ರಮಿಸುತ್ತಿದ್ದುವು. ಜೊಂಡಿನ ಅಂಚಿನಲ್ಲಿ ನಾಮದ ಕೋಳಿಗಳು, ಆಗಾಗ ಮುಳುಗಿ ಮಾಯವಾಗುವ ಗುಳುಮುಳುಕಗಳು. ಮಾವನವರು ದುರ್ಬೀನನ್ನು ಕಣ್ಣಿಗಿಟ್ಟುಕೊಂಡು ಬಹಳ ಹೊತ್ತು ಸುಮ್ಮನಿದ್ದರು. ಎಪ್ಪತ್ತು ವರ್ಷ ನೋಡಿದ ಕೆರೆಯನ್ನು ಅಂದು ಹತ್ತಿರದಿಂದ ನೋಡಿದರೆಂದು ಕಾಣುತ್ತದೆ.

ಆಮೇಲೆ ಅವರು ಹೇಳತೊಡಗಿದ ಮಾತುಗಳು ನನ್ನ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಕೆರೆ ಕೋಡಿ ಬಿದ್ದ ವರ್ಷ ಬಾತುಗಳು ಈ ಕಡೆ ಕಡಮೆ. ನೀರು ಆಳವಾದರೆ ಅವುಗಳ ಕೊಕ್ಕಿಗೆ ಮೇವು ಎಟುಕದು. ನೀರು ಮೊಣಕಾಲಿಗಿಳಿದ ವರ್ಷ ಅವು ಹಿಂಡುಹಿಂಡಾಗಿ ಬರುತ್ತವೆ. ಕೆಸರು ಬಿಚ್ಚಿಕೊಂಡ ಕಡೆ ಸಿಪಿಲೆಗಳೂ ಗೊರವಗಳೂ ಓಡಾಡುತ್ತವೆ. ಕೆರೆ ಪೂರ್ತಿ ಒಣಗಿದ ವರ್ಷ ಒಂದೂ ಬರುವುದಿಲ್ಲ. "ಆ ವರ್ಷಗಳಲ್ಲಿ ಬಾವಿಯೂ ಬತ್ತಿತು, ತೆಂಗಿನ ಸುಳಿಯೂ ಬಾಡಿತು. ಆಕಾಶದ ಹಕ್ಕಿಗೂ ನನ್ನ ತೋಟಕ್ಕೂ ಒಂದೇ ನೀರು" ಎಂದರು. ಹೇಮಾವತಿಯ ನಾಲೆ ಈ ಸೀಮೆಯ ಅನೇಕ ಕೆರೆಗಳಿಗೆ ನೀರು ತಂದಿದ್ದರೂ, ಮಳೆ ತಪ್ಪಿದರೆ ರೈತ ಇಂದಿಗೂ ಮೊದಲು ನೋಡುವುದು ಕೆರೆಯ ಮುಖವನ್ನೇ.

ನಡುಮಧ್ಯಾಹ್ನ ಎಲ್ಲಿಗೂ ಹೋಗಲಿಲ್ಲ. ಊಟವಾದ ಮೇಲೆ ತೋಟದಲ್ಲಿ ಚಾಪೆ ಹಾಸಿ ಅಂಗಾತ ಮಲಗಿದೆವು. ತೆಂಗಿನ ಗರಿಗಳ ನಡುವೆ ಹೊನ್ನಕ್ಕಿಯ ಹಳದಿ ಮಿಂಚಿತು. ಮರಕುಟಿಗ ಕಾಂಡವನ್ನು ಸುತ್ತುತ್ತ ಏರಿತು. ಬೇಲಿಯೊಳಗಿಂದ ಉಲಿಯಕ್ಕಿಯೊಂದು ಚಕ್ ಚಕ್ ಎನ್ನುತ್ತಲೇ ಇತ್ತು. ಅದೂ ದೂರದೇಶದ ಅತಿಥಿಯೇ. ಮಾವನವರು ಮೊಮ್ಮಗಳಿಗೆ ಗೀಜಗನ ಹಳೆಯ ಗೂಡು ತೋರಿಸಿ, ಅದರ ಬಾಗಿಲು ಕೆಳಗೇಕೆ ಎಂದು ಕತೆ ಕಟ್ಟುತ್ತಿದ್ದರು. ಸಂಜೆ ಅರ್ಧ ಗಂಟೆ ಮತ್ತೆ ಅದೇ ಏರಿ. ಕಾರಿನ ದಿನ ನಾನು ಗುರುತಿಸಿದ್ದು 23 ಬಗೆ. ಈ ಮನೆಯ ಸುತ್ತಿನ ಎರಡು ದಿನದಲ್ಲಿ 41.

ನೀವೂ ಚಳಿಗಾಲದಲ್ಲಿ ನೆಂಟರ ಊರಿಗೆ ಹೋಗುವವರಾದರೆ ಇಷ್ಟನ್ನು ನೆನಪಿಡಿ. ಮನೆಗೆ ಹತ್ತಿರದ ಒಂದು ಕೆರೆಯನ್ನು ಆರಿಸಿಕೊಂಡು ಅದಕ್ಕೇ ಎರಡು ಮೂರು ಬಾರಿ ಹೋಗಿ. ಬೆಳಗ್ಗೆ ಕೆರೆಯ ಪೂರ್ವದ ದಂಡೆಯಲ್ಲಿ, ಸಂಜೆ ಪಶ್ಚಿಮದಲ್ಲಿ ನಿಂತರೆ ಬಿಸಿಲು ಕಣ್ಣಿಗೆ ಹೊಡೆಯದು. ಕಣ್ಣು ಕುಕ್ಕುವ ಉಡುಪು ಬೇಡ. ಬಾತುಗಳೆಲ್ಲ ಒಟ್ಟಿಗೆ ಕತ್ತೆತ್ತಿದರೆ ನೀವು ಬಹಳ ಸಮೀಪಕ್ಕೆ ಬಂದಿರೆಂದು ಅರ್ಥ, ಹಿಂದೆ ಸರಿಯಿರಿ. ಕಂಡುದನ್ನು ಎಣಿಸಿ ದಿನಾಂಕದೊಡನೆ ಬರೆದಿಡಿ. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿರುವುದು ಇಂತಹ ಹವ್ಯಾಸಿಗಳ ಎಣಿಕೆಯಿಂದಲೇ. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಹೆಸರು ನಿಮಗೆ ಗೊತ್ತಿರಬಹುದು. ಕೆರೆ ಗೊತ್ತಿರುವುದು ಅವರಿಗೆ.

ಮಾವನವರಿಗೆ ಈಗ ಏರಿ ಹತ್ತಲಾಗುವುದಿಲ್ಲ. ಹೋದ ವರ್ಷ ನಾನೂ ಮಗಳೂ ಎಣಿಸಿ ಬಂದು ಜಗಲಿಯಲ್ಲಿ ಒಪ್ಪಿಸಿದೆವು. ಅವರು ತೆಂಗಿನಕಾಯಿ ಕೆಡವಿದ ಲೆಕ್ಕದ ಪುಸ್ತಕವನ್ನು ತರಿಸಿ, ಕಾಯಿಯ ಸಂಖ್ಯೆಯ ಕೆಳಗೆ ಬಾತಿನ ಸಂಖ್ಯೆಯನ್ನು ಬರೆದುಕೊಂಡರು. ಹಿಂದಿನ ಹಾಳೆ ತಿರುವಿ ನೋಡಿದೆ. ನಾವಿಲ್ಲದ ತಿಂಗಳುಗಳಲ್ಲಿಯೂ ಆಳಿನಿಂದ ಕೇಳಿ ತಿಳಿದು ಬರೆದಿದ್ದ ಸಾಲುಗಳು ಅಲ್ಲಿದ್ದುವು.

ಈ ಕಾರ್ತಿಕದಲ್ಲಿ ಒಂದು ಸಂಜೆ ದೂರವಾಣಿ ಬಾರಿಸಿತು. "ನಿನ್ನ ನೆಂಟರು ಬಂದು ಇಳಿದಿದ್ದಾರೆ. ನೀವು ಯಾವತ್ತು?" ಎಂದರು. ನಾನು ಕೂಡಲೆ ಉತ್ತರ ಕೊಡಲಿಲ್ಲ. ಮನೆಯಾಕೆಯ ಪಟ್ಟಿಯನ್ನು ತರಿಸಿಕೊಂಡು, ಅದರ ಕೊನೆಯಲ್ಲಿ ದುರ್ಬೀನು ಎಂದು ಬರೆದು, ಆಮೇಲೆ ದಿನ ಹೇಳಿದೆ.