ಮುಚ್ಚಳದ ಮೇಲೊಂದು ಚುಕ್ಕಿ!

ಈ ವಾರ ಬಂದ ಕಾಗದಗಳಲ್ಲಿ ಒಂದು ಕೆ.ಆರ್. ಪುರಂನಿಂದ. ಬರೆದ ಮಿತ್ರ ನಮ್ಮ ನಿಮ್ಮ ಹಾಗೇ ಸಿನಿಮಾ ಹುಚ್ಚ. ಇಬ್ಬರು ಗೆಳೆಯರ ಜೊತೆ ರೂಮು ಮಾಡಿಕೊಂಡಿದ್ದಾನೆ. ಯಾವ ನಾಯಕಿಯ ಮದುವೆ ಯಾವಾಗ ಅಂತ ಕೇಳಿರ್ತಾನೆ ಅಂದುಕೊಂಡು ಕಾಗದ ಒಡೆದರೆ... ಅವನ ಗೋಳೇ ಬೇರೆ!

"ಸಾರ್, ನಮ್ಮ ರೂಮಿನಲ್ಲಿ ಪಾತ್ರೆ ನಾಲ್ಕು, ಮುಚ್ಚಳ ಒಂಬತ್ತು. ಆದರೂ ಅನ್ನ ಕುದಿಯೋ ಹೊತ್ತಿಗೆ ಒಂದೂ ಕೈಗೆ ಸಿಗೋಲ್ಲ. ಸಿಕ್ಕಿದ್ದು ಕೂರೋಲ್ಲ. ದಿನಾ ಜಗಳ. ನೀವೇ ತೀರ್ಪು ಹೇಳಿ!"

ನಗಬೇಡಿ ಮಿತ್ರರೇ. ಇದು ನಗೋ ವಿಷಯ ಅಂತ ನಾನೂ ಅಂದುಕೊಂಡಿದ್ದೆ, ಆರು ತಿಂಗಳ ಹಿಂದಿನವರೆಗೆ.

ಅಡುಗೆಮನೆಯಲ್ಲಿ ಪಾತ್ರೆ ಹೀರೋ ಸ್ವಾಮಿ, ಪೋಸ್ಟರಿನಲ್ಲಿ ಅದರದೇ ಮುಖ. ಮುಚ್ಚಳ ಪಾಪ, ನಮ್ಮ ನರಸಿಂಹರಾಜು, ಬಾಲಕೃಷ್ಣ ಇದ್ದ ಹಾಗೆ. ಇದ್ದಾಗ ಇದ್ದೇ ಇರ್ತಾರೆ ಅನ್ನೋ ಧೈರ್ಯ. ಇಲ್ಲದ ದಿನ ಗೊತ್ತಾಗುತ್ತೆ, ಹಾಲು ಉಕ್ಕಿ ಒಲೆ ತುಂಬಾ ಹರಿದಾಗ!

★

ನಮ್ಮಪ್ಪ ದಂಡಿನ ಒಂದು ಟಾಕೀಸಿನಲ್ಲಿ ಆಪರೇಟರ್ ಆಗಿದ್ದರು. ಆ ಟಾಕೀಸು ಈಗಿಲ್ಲ. ಶಿವಾಜಿನಗರದ ಎಲ್ಗಿನ್ ಹೋಯ್ತು, ಎಂ.ಜಿ. ರಸ್ತೆಯ ಪ್ಲಾಜಾ ಹೋಯ್ತು, ಹಲಸೂರಿನ ದಾರಿಯ ಲಿಡೋ ಇದ್ದ ಜಾಗದಲ್ಲಿ ಮಾಲ್ ನಿಂತಿದೆ, 2018ರ ಕೊನೆಗೆ ಬ್ರಿಗೇಡ್ ರಸ್ತೆಯ ರೆಕ್ಸ್ ಕೂಡ ಬಾಗಿಲು ಹಾಕಿತು. ಆ ಸಾಲಿನಲ್ಲಿ ಅಪ್ಪನ ಟಾಕೀಸೂ ಒಂದು.

ಚಿಕ್ಕವನಿದ್ದಾಗ ನಾನು ಅಪ್ಪನ ಜೊತೆ ಆಪರೇಟರ್ ರೂಮಿನಲ್ಲಿ ಕೂರ್ತಿದ್ದೆ. 1000 ಅಡಿಯ ಒಂದು ರೀಲು ಓಡೋದು ಸುಮಾರು 11 ನಿಮಿಷ. ಎರಡೂವರೆ ಗಂಟೆಯ ಚಿತ್ರಕ್ಕೆ 14 ರೀಲು. ಎಲ್ಲವೂ ತಗಡಿನ ಡಬ್ಬಿಗಳಲ್ಲಿ ಬರ್ತಿದ್ದವು. ಡಬ್ಬಿಯ ಮೇಲೊಂದು ನಂಬರು, ಮುಚ್ಚಳದ ಮೇಲೂ ಅದೇ ನಂಬರು. ಅಪ್ಪ ಹುಷಾರಿಲ್ಲದಾಗಲೂ ಒಂದು ವಿಷಯ ಬಿಡ್ತಿರಲಿಲ್ಲ: ಈ ಡಬ್ಬಿಯ ಮುಚ್ಚಳ ಇನ್ನೊಂದಕ್ಕೆ ಹಾಕೋ ಹಾಗಿಲ್ಲ! "ಮುಚ್ಚಳ ಅದಲು ಬದಲಾದ್ರೆ ರೀಲು ಅದಲು ಬದಲು ಕಣೋ. ಇಂಟರ್‌ವಲ್‌ಗೆ ಮೊದಲೇ ವಿಲನ್ ಸತ್ತುಹೋಗ್ತಾನೆ. ಗಾಂಧಿ ಕ್ಲಾಸಿನವರು ಸೀಟು ಕಿತ್ತು ಹಾಕ್ತಾರೆ!"

ಎರಡು ಮಿಷನ್ ಇರ್ತಿದ್ದವು. ಒಂದರ ರೀಲು ಮುಗಿಯೋ ಹೊತ್ತಿಗೆ ಇನ್ನೊಂದು ಶುರುವಾಗಬೇಕು. ಅದಕ್ಕೆ ಗುರುತು ಒಂದು ಚುಕ್ಕಿ. ಪರದೆಯ ಬಲಗಡೆ ಮೇಲ್ಮೂಲೆಯಲ್ಲಿ ಹೀಗೆ ಬಂದು ಹಾಗೆ ಮಾಯ! ಮೊದಲ ಚುಕ್ಕಿಗೆ ಎರಡನೇ ಮಿಷನ್ನಿನ ಮೋಟಾರು ಶುರು. ಏಳೆಂಟು ಸೆಕೆಂಡಿಗೆ ಇನ್ನೊಂದು ಚುಕ್ಕಿ, ಆಗ ಪರದೆಗೆ ಬೆಳಕು ಎರಡನೇ ಮಿಷನ್ನಿಂದ. ಕೆಳಗೆ ಕೂತು ಶಿಳ್ಳೆ ಹಾಕೋರಿಗೆ ಏನೂ ಗೊತ್ತಾಗ್ತಿರಲಿಲ್ಲ. ಡಿಜಿಟಲ್ ಬಂದ ಮೇಲೆ ರೀಲೂ ಇಲ್ಲ, ಡಬ್ಬಿಯೂ ಇಲ್ಲ, ಚುಕ್ಕಿಯೂ ಇಲ್ಲ.

ಅಪ್ಪನ ಕಾಲದ ಗುರುತು ಅಂತ ನಮ್ಮ ಮನೆಯಲ್ಲಿ ಉಳಿದಿರೋದು ಒಂದೇ. ಡಬ್ಬಿ ತೂತು ಬಿದ್ದು ಬಿಸಾಕಿದಾಗ ಅವರು ತಂದ ಒಂದು ದೊಡ್ಡ ಮುಚ್ಚಳ. ಅಮ್ಮ ಅದನ್ನ ಬಚ್ಚಲ ಹಂಡೆಗೆ ಮುಚ್ಚಿದಳು. ಈಗಲೂ ಅಲ್ಲೇ ಇದೆ.

★

ಈಗ ನನ್ನ ಘನಕಾರ್ಯ ಕೇಳಿ.

ನಮ್ಮದು ಹಲಸೂರಿನಲ್ಲಿ ಸೋಮೇಶ್ವರನ ಗುಡಿ ಹಿಂದಿನ ಗಲ್ಲಿ. ಅಡುಗೆಮನೆ ಅಂದ್ರೆ ಇಬ್ಬರು ನಿಂತರೆ ಮೂರನೆಯವರು ಹೊರಗೆ! ಅಮ್ಮ ಮುಚ್ಚಳಗಳನ್ನೆಲ್ಲ ಒಲೆಯ ಎಡಗಡೆ, ಗೋಡೆಗೆ ಒರಗಿಸಿ ನಿಲ್ಲಿಸ್ತಿದ್ದಳು. ನೋಡೋಕೆ ಚೆಂದ ಇರಲಿಲ್ಲ, ನಿಜ. ಒಂದು ಭಾನುವಾರ ನನಗೆ ಆರ್ಟ್ ಡೈರೆಕ್ಟರ್ ಆಗೋ ಹುಚ್ಚು ಬಂತು. ಶಿವಾಜಿನಗರಕ್ಕೆ ಹೋಗಿ ಕೊಕ್ಕೆ ತಂದೆ, ಒಲೆಯ ಮೇಲಿನ ಗೋಡೆಗೆ ಹೊಡೆದೆ, ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ತೂಗುಹಾಕಿದೆ. ಥಳಥಳ! ಒಳ್ಳೆ ಸ್ಟುಡಿಯೋ ಸೆಟ್ಟು! ಫೋಟೋ ತೆಗೆದು ಗೆಳೆಯರಿಗೆಲ್ಲ ಕಳಿಸಿದೆ. ಅಮ್ಮ "ಚೆನ್ನಾಗಿದೆ ಕಣೋ" ಅಂದಳು. ಅಷ್ಟೇ ಅಂದಳು.

ಅವಳಿಗೆ ಎರಡು ಕಣ್ಣಿಗೂ ಪೊರೆ ಬಂದಿತ್ತು. ನನಗೆ ಗೊತ್ತಿತ್ತು. ಗೊತ್ತಿದ್ದೂ ಯೋಚನೆ ಮಾಡಲಿಲ್ಲ.

ಮುಂದಿನ ವಾರ ರಾತ್ರಿ ಮನೆಗೆ ಬಂದರೆ ಅಮ್ಮ ಬಲಗೈಗೆ ಸೆರಗು ಸುತ್ತಿಕೊಂಡು ಕೂತಿದ್ದಾಳೆ. "ಏನಿಲ್ಲ, ಏನಿಲ್ಲ" ಅಂತಾಳೆ. ಬಿಚ್ಚಿ ನೋಡಿದರೆ ಮಣಿಕಟ್ಟಿನ ಉದ್ದಕ್ಕೂ ಬೊಬ್ಬೆ! ಕುದಿಯೋ ಸಾರಿನ ಮೇಲೆ ಕೈ ಚಾಚಿ, ಗೋಡೆ ತಡಕಿ ಮುಚ್ಚಳ ಹುಡುಕಿದ್ದಾಳೆ. ಆವಿ ಹೊಡೆದಿದೆ. ಇನ್ನೊಂದು ಗೇಣು ಕೆಳಗಾಗಿದ್ದರೆ ಸೆರಗಿಗೇ ಬೆಂಕಿ...

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಆಮೇಲಿನ ಮಾತು. "ಇನ್ನು ಮೇಲೆ ಹೋಟೆಲಿಂದ ತಂದುಬಿಡು ಮಗ. ನನ್ನ ಕೈಲಿ ಆಗೋಲ್ಲ ಅನ್ಸುತ್ತೆ." ನಲವತ್ತು ವರ್ಷ ಕಣ್ಣು ಮುಚ್ಚಿಕೊಂಡು ಅಡುಗೆ ಮಾಡ್ತಿದ್ದವಳು! ಕೈಲಾಗದಿದ್ದದ್ದು ಅವಳಿಗಲ್ಲ ಮಿತ್ರರೇ. ಅವಳ ಕೈ ಓದಿಟ್ಟಿದ್ದ ದಾರಿಯನ್ನ ನಾನು ಅಳಿಸಿಹಾಕಿದ್ದೆ. ರೀಲು ಅದಲು ಬದಲು ಮಾಡಿದ್ದು ನಾನು!

★

ಅದೇ ರಾತ್ರಿ ಕೊಕ್ಕೆ ಕಿತ್ತೆ. ಬೆಳಿಗ್ಗೆ ಒಂದು ಚೀಲ ಪಾತ್ರೆ, ಮುಚ್ಚಳ ಹೊತ್ತುಕೊಂಡು ಬಜಾರಿನ ಪಾತ್ರೆ ಅಂಗಡಿಗೆ ಹೋದೆ. ಸ್ಟೀಲ್ ಪಾತ್ರೆಗೆ ಟರ್ರ್ ಅಂತ ಹೆಸರು ಹಾಕಿಕೊಡ್ತಾರಲ್ಲ, ಅಲ್ಲಿ. "ಪಾತ್ರೆಗೂ ಮುಚ್ಚಳಕ್ಕೂ ರೀಲ್ ನಂಬರ್ ಹಾಕಿಕೊಡಿ ಭಾಯ್" ಅಂದೆ. ಕಥೆ ಕೇಳಿದ ಯಜಮಾನರು ತಲೆ ಆಡಿಸಿದರು. "ಮಿಷನ್ ನಂಬರ್ ಕಣ್ಣಿಗೆ ಸಾಬ್, ಬೆರಳಿಗಲ್ಲ. ಅಮ್ಮಾಜಾನ್‌ಗೆ ಬೆರಳಿಗೆ ಸಿಗಬೇಕು." ಮೊಳೆ ತಗೊಂಡು ಮುಚ್ಚಳದ ಒಳಗಡೆಯಿಂದ ಹದವಾಗಿ ಒಂದೇಟು. ಹೊರಗಡೆ ಸಾಸಿವೆ ಕಾಳಿನಷ್ಟು ಉಬ್ಬು! ಸಣ್ಣ ಪಾತ್ರೆಗೆ ಒಂದು, ಸಾರಿನದಕ್ಕೆ ಎರಡು, ಅನ್ನದ್ದಕ್ಕೆ ಮೂರು. ಪಾತ್ರೆಯ ಕಂಠದಲ್ಲೂ ಅಷ್ಟೇ ಚುಕ್ಕಿ. ಕಾಸು ಕೊಟ್ಟರೆ ತಗೊಳ್ಳಲಿಲ್ಲ ಆ ಪುಣ್ಯಾತ್ಮ.

ಸಂಜೆ ಅಮ್ಮ ಹೆಬ್ಬೆಟ್ಟಿನಲ್ಲಿ ಸವರಿ ನೋಡಿದಳು. ಒಂದು... ಎರಡು... "ನಿಮ್ಮಪ್ಪ ಪರದೆ ಮೇಲೆ ನೋಡ್ತಿದ್ದ ಚುಕ್ಕಿ ಇದೇ ಏನೋ?" ಅಂದಳು. ನನ್ನ ಗಂಟಲು ಕಟ್ಟಿತು. ಮಾರನೇ ದಿನ ಸಾರು ಮನೆಯದೇ!

★

ಈಗ ಕೆ.ಆರ್. ಪುರಂ ಮಿತ್ರನಿಗೆ ತೀರ್ಪು.

ಮೊದಲು ಎಲ್ಲಾ ಮುಚ್ಚಳ ನೆಲದ ಮೇಲೆ ಹರಡಿ, ಜೋಡಿ ಹುಡುಕಿ. ಜೋಡಿ ಇಲ್ಲದ್ದರಲ್ಲಿ ಅಗಲವಾದ ಒಂದು ಚಪ್ಪಟೆ ಮುಚ್ಚಳ ಇಟ್ಟುಕೊಳ್ಳಿ, ಅದು ಯಾವ ಪಾತ್ರಕ್ಕೂ ಒಪ್ಪೋ ನಟ. ಉಳಿದದ್ದನ್ನ ಹಳೇ ಪಾತ್ರೆ ತೂಕಕ್ಕೆ ತಗೊಳ್ಳೋರಿಗೆ ಹಾಕಿ.

ಒಂದರ ಮೇಲೊಂದು ಪೇರಿಸಬೇಡಿ. ಬೇಕಾದ್ದು ಯಾವಾಗಲೂ ಅಡಿಯಲ್ಲೇ ಇರುತ್ತೆ! ತಟ್ಟೆ ಸ್ಟ್ಯಾಂಡಿನಲ್ಲಿ ಪುಸ್ತಕದ ಹಾಗೆ ನಿಲ್ಲಿಸಿ. ಜಾಗ ಇಲ್ಲವಾ? ಕಿಟಕಿ ಪರದೆಗೆ ಹಾಕೋ ಸ್ಪ್ರಿಂಗ್ ತಂತಿಯನ್ನ ಬೀರುವಿನ ಬಾಗಿಲ ಒಳಗಡೆ ಅಡ್ಡ ಬಿಗಿದು, ಹಗುರವಾದ ಮುಚ್ಚಳಗಳನ್ನ ಹಿಡಿ ಸಿಕ್ಕಿಸಿ ನಿಲ್ಲಿಸಿ. ಗಾಜಿನದು ಬೇಡ, ಬಿದ್ದರೆ ಚೂರು. ಒಲೆಯ ಪಕ್ಕ ಸರಿ, ಒಲೆಯ ಮೇಲೆ ಮಾತ್ರ ಬೇಡವೇ ಬೇಡ!

ಒದ್ದೆ ಮುಚ್ಚಳ ಒಳಗಿಡಬೇಡಿ. ಹಳೇ ಫಿಲಂ ಕೂಡ ಸೆಕೆಯಲ್ಲಿ ಡಬ್ಬಿ ಬಿಗಿಯಾಗಿ ಮುಚ್ಚಿಟ್ಟರೆ ಒಳಗೊಳಗೇ ಕೊಳೆತು ವಿನಿಗರ್ ವಾಸನೆ ಹೊಡೆಯುತ್ತೆ. ಎಷ್ಟೋ ಒಳ್ಳೊಳ್ಳೆ ಚಿತ್ರಗಳು ಹಾಗೇ ಹಾಳಾದವು.

ಕುಕ್ಕರ್ ಮುಚ್ಚಳದ ದರ್ಜೆಯೇ ಬೇರೆ. ನಿಮ್ಮ ಕೆ.ಆರ್. ಪುರಂ ಪಕ್ಕದ ದೂರವಾಣಿನಗರದಲ್ಲೇ 1959ರಲ್ಲಿ ಪ್ರೆಸ್ಟೀಜ್ ಕುಕ್ಕರ್ ತಯಾರಿಕೆ ಶುರುವಾಯ್ತು, ಗೊತ್ತಾ? ಕುಕ್ಕರಿನಲ್ಲಿ ಎರಡು ಜಾತಿ: ಹೊರಗಿನಿಂದ ತಿರುಗಿಸಿ ಕೂರಿಸೋದು, ಒಳಗೆ ಜಾರಿಸಿ ಬಿಗಿಯೋದು. ಒಂದರ ಮುಚ್ಚಳ, ರಬ್ಬರು ಇನ್ನೊಂದಕ್ಕೆ ಹಾಕೋ ಸಾಹಸ ಸ್ಟಂಟ್ ಮಾಸ್ಟರಿಗೂ ಬೇಡ. ತೊಳೆದ ಮೇಲೆ ಮುಚ್ಚಳ ಬಿಗಿಯದೆ ಬೋರಲು ಹಾಕಿಡಿ, ರಬ್ಬರು ಬಾಳುತ್ತೆ. ಅದಕ್ಕೆ ಮೊಳೆ ಹೊಡೆದು ಚುಕ್ಕಿ ಹಾಕೋ ಬುದ್ಧಿವಂತಿಕೆಯಂತೂ ಬೇಡ!

ಕೊನೆಯದು: ಮನೆಯಲ್ಲಿ ಅಡುಗೆ ಮಾಡೋರು ಯಾರೋ ಅವರನ್ನ ಕೇಳದೆ ಒಂದು ಸೌಟೂ ಕದಲಿಸಬೇಡಿ. ಅದು ಅವರ ಆಪರೇಟರ್ ರೂಮು.

ಅಮ್ಮನ ಒಂದು ಕಣ್ಣಿನ ಆಪರೇಷನ್ ಆಗಿದೆ. ಈಗ ಕಾಣುತ್ತೆ. ಆದರೂ ಹೆಬ್ಬೆಟ್ಟು ಮೊದಲು ಚುಕ್ಕಿ ಹುಡುಕುತ್ತೆ.

ಇವತ್ತು ಸೆಕೆಂಡ್ ಶೋ ಮುಗಿಸಿ ಮನೆಗೆ ಹೋಗ್ತೀರಲ್ಲ ಮಿತ್ರರೇ, ಎಲ್ಲರೂ ಮಲಗಿರ್ತಾರೆ. ಅಡುಗೆಮನೆಯಲ್ಲಿ ನಿಮ್ಮ ತಟ್ಟೆ ಇರುತ್ತೆ, ಅದರ ಮೇಲೊಂದು ಮುಚ್ಚಳ. ಊಟ ಮಾಡಿ, ತೊಳೆದು, ಒರೆಸಿ, ಇದ್ದ ಜಾಗದಲ್ಲೇ ಇಡಿ.

ಮತ್ತೆ ಮುಂದಿನ ವಾರ ಸಿಗೋಣ!